ಕೊಯ್ಲು ಮುಗಿಯಿತು, ಮುಯ್ಯಿ ಬಾಕಿ ಇದೆ

ಅಪ್ಪಯ್ಯ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಈ ವರ್ಷದ ರಾಶಿ ಅಡಿಕೆಯ (ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆಯ) ಕೊನೇ ಮೂಟೆಯೂ ಮಂಡಿ ಸೇರಿತು. ಆಸ್ಪತ್ರೆಯ ಸಂಗತಿ ನಿಮಗೆಲ್ಲ ಗೊತ್ತೇ ಇರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಮಲೆನಾಡಿನಿಂದ ದೂರ ಇರುವ ನೆಂಟರು ‘ಆಳೇ ಸಿಗದ ಕಾಲದಲ್ಲಿ ಕೊಯ್ಲು ಹೇಗೆ ಮಾಡಿಸಿದಿರಿ’ ಎಂದು ಕೇಳುತ್ತಲೇ ಇದ್ದಾರೆ. ನಾವು ಏನನ್ನೂ ಮಾಡಿಸಲಿಲ್ಲ. ಕೇರಿಯವರು ತಾವಾಗಿ ಬಂದು ಮಾಡಿದರು. ಏನು ಮಾಡಿದರು ಎಂಬುದನ್ನು ಸರಿಯಾಗಿ ಬರೆದಿಡದಿದ್ದರೆ ತಪ್ಪಾಗುತ್ತದೆ.

ಮೊದಲ ಋಣ ಮಳೆಗಾಲದ್ದು. ಮೊದಲ ಸಲ ಮದ್ದು ಹೊಡೆದ 40–45 ದಿನಕ್ಕೆ ಎರಡನೆಯದು ಬೀಳಬೇಕು, ಇಲ್ಲದಿದ್ದರೆ ಆಷಾಢದ ಮಳೆಗೆ ಕೊಳೆರೋಗ ಬಂದು ಎಳೆಗಾಯಿ ಬುಡದಲ್ಲಿ ಹಾಸಿ ಬೀಳುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಮರದ ಕಡೆ ನೋಡುವವರೇ ಇರಲಿಲ್ಲ. ಮೇಲಿನಮನೆ ಅಣ್ಣತಮ್ಮಂದಿರು ತಮ್ಮ ಪಂಪು, ತಮ್ಮ ಡ್ರಮ್ಮು ಹೊತ್ತು ತಂದರು. ಮದ್ದೆಂದರೆ ಬೋರ್ಡೋ ದ್ರಾವಣ: 100 ಲೀಟರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ಕಲಕಬೇಕು. ಅವಸರದಲ್ಲಿ ತಿರುಗುಮುರುಗು ಮಾಡಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತದೆ, ಗೊನೆಗೆ ಅಂಟುವುದಿಲ್ಲ. ಉಜ್ಜಿದ ಕತ್ತಿ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಕಲಸಿದ್ದನ್ನು ಅಂದೇ ಮುಗಿಸಬೇಕು. ತಮ್ಮ ತೋಟಕ್ಕೆ ಎಷ್ಟು ಜತನವೋ ನಮ್ಮದಕ್ಕೂ ಅಷ್ಟೇ ಜತನದಿಂದ, ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಿ ನೋಡಿಯೇ ಹೊಡೆದರು.

ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರನಿಗೆ ಕೂಲಿ ಕೊಟ್ಟಿದ್ದೇವೆ, ನಿಜ. ಆದರೆ ನಾಲ್ಕೂರು ಕರೆಯುತ್ತಿದ್ದಾಗ ಮೊದಲು ನಮ್ಮ ತೋಟಕ್ಕೆ ಹತ್ತಿದ್ದಕ್ಕೆ ಕೂಲಿ ಇಲ್ಲ. ಹದ ತಪ್ಪಿ ಗೊನೆ ಹಣ್ಣಾಗಿದ್ದರೆ ಬೇಯಿಸುವ ಅಡಿಕೆಯ ಲೆಕ್ಕವೇ ಮುಗಿಯುತ್ತಿತ್ತು. ಸಿಪ್ಪೆ ಸಮೇತ 40–45 ದಿನ ಬಿಸಿಲಿಗೆ ಹಾಕಿ ಚಾಲಿ ಮಾಡಿಕೊಂಡು ಕೂರಬೇಕಿತ್ತು.

ಸುಲಿಯಲು ಇಡೀ ಕೇರಿಯೇ ಬಂತು. ಸಂಜೆ ತಮ್ಮ ಮನೆಯ ಕೆಲಸ ಮುಗಿಸಿ, ಮೆಟ್ಟುಗತ್ತಿ ಕಂಕುಳಲ್ಲಿಟ್ಟುಕೊಂಡು ಬಂದು, ನಡುರಾತ್ರಿವರೆಗೆ ಕೂತು ಸುಲಿದರು. ಹಸಿ ಅಡಿಕೆಯನ್ನು ರಾಶಿ ಹಾಕಿ ಎರಡು ದಿನ ಬಿಟ್ಟರೆ ಒಳಗೆ ಕಾವು ಏರಿ ಬಣ್ಣ ಕೆಡುತ್ತದೆ, ಸುಲಿದದ್ದಕ್ಕೆ ಅಷ್ಟೂ ತಾಳ್ಮೆ ಇಲ್ಲ. ಕೊಯ್ದದ್ದು ಆವತ್ತೇ ಸುಲಿದಾಗಬೇಕು, ಸುಲಿದದ್ದು ಆ ರಾತ್ರಿಯೇ ಹಂಡೆಗೆ ಬೀಳಬೇಕು. 100 ಕೆಜಿ ಹಸಿ ಗೊನೆಯಡಿಕೆಗೆ ಒಣಗಿ ಉಳಿಯುವುದು 12–13 ಕೆಜಿ. ಅದರಲ್ಲಿ ಒಂದು ಹಿಡಿ ಕೆಟ್ಟರೂ ಗೊತ್ತಾಗುತ್ತದೆ.

ಇನ್ನು ಕೆಳಮನೆ ಅತ್ತಿಗೆಯ ವಿಷಯ.

ಅಪ್ಪಯ್ಯನನ್ನು ಎರಡನೇ ಸಲ ಕರೆದೊಯ್ದ ರಾತ್ರಿ ಅಕಾಲದ ಮಳೆ ಬಂತು. ಮನೆಯಲ್ಲಿ ಒಬ್ಬರೂ ಇಲ್ಲ. ಅಂಗಳದಲ್ಲಿ ಒಣಗಿಸುವ ಅಟ್ಟದ ಮೇಲೆ ನಾಲ್ಕು ಬಿಸಿಲು ಕಂಡ ಅಡಿಕೆ, ಹಂಡೆಯಲ್ಲಿ ಅರೆಬೆಂದದ್ದು, ಜಗಲಿಯಲ್ಲಿ ಸುಲಿದು ಬೇಯಿಸದ ರಾಶಿ. ಮೂರೂ ಒಟ್ಟಿಗೆ ಕೆಡುವ ಹೊತ್ತು. ಅತ್ತಿಗೆ ಮೊದಲು ಕೈಹಾಕಿದ್ದು ಒಣಗುತ್ತಿದ್ದುದಕ್ಕೆ. ಬೇಯದ್ದು ನಾಲ್ಕು ತಾಸು ಕಾದೀತು, ಆದರೆ ಒಣಗುತ್ತಾ ಬಂದದ್ದು ತೊಯ್ದರೆ ಹತ್ತಿದ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ತೊಳೆದುಹೋಗಿ, ಮಾರನೇ ದಿನಕ್ಕೆ ಬಿಳಿ ಬೂಷ್ಟು ಏಳುತ್ತದೆ. ಟಾರ್ಪಾಲು ಮುಚ್ಚಿ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಟಾರ್ಪಾಲಿನ ಒಳಗೇ ಅಡಿಕೆ ಬೆವರುತ್ತದೆ ಎಂದು ಅವರಿಗೆ ಗೊತ್ತಿತ್ತು. ಬುಟ್ಟಿ ಬುಟ್ಟಿಯಾಗಿ ಒಳಗೆ ಹೊತ್ತು, ನಡುಮನೆಯಲ್ಲಿ ಎರಡು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರವಿದರು. ಕರೆಂಟು ಹೋಯಿತು, ಫ್ಯಾನಿಲ್ಲ. ಒಲೆಯಿಂದ ಹೊಗೆಯಾಡದ ಕೆಂಡ ಮಾತ್ರ ಆರಿಸಿ, ಹಳೇ ಬಾಣಲೆಗಳಲ್ಲಿ ತುಂಬಿ, ಬಾಗಿಲು ಅರೆ ತೆರೆದು ಅಲ್ಲಲ್ಲಿ ಇಟ್ಟರು. ಹೊಗೆ ಹಿಡಿದರೆ ಆ ವಾಸನೆ ಅಡಿಕೆಯನ್ನು ಬಿಡುವುದಿಲ್ಲ.

ಆಮೇಲೆ ಹಂಡೆ. ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ನೊರೆ ಉಕ್ಕಿ ಒಲೆ ಆರುತ್ತದೆ, ಹಾಗಾಗಿ ಸಣ್ಣ ಸಣ್ಣ ಹಂಡೆಯಾಗಿ ಹಾಕುತ್ತ, ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ, ಕಣ್ಣು ಕಳಚಿದೆಯೋ ಎಂದು ಬ್ಯಾಟರಿ ಬೆಳಕಿನಲ್ಲಿ ನೋಡಿ ಇಳಿಸಿದ್ದಾರೆ. ಹೊಸ ನೀರು ಸುರಿದು ಚೊಗರು ತೆಳುವಾಗಿಸಿಲ್ಲ, ಸೀಸನ್ನಿನ ಶುರುವಿನಿಂದ ಕಾದಿಟ್ಟ ಗಟ್ಟಿ ಚೊಗರನ್ನೇ ಅಳೆದು ಸೇರಿಸಿದ್ದಾರೆ. ನಡುನಡುವೆ ಒಳಗೆ ಹೋಗಿ ಹರವಿದ್ದನ್ನು ಕಾಲಾಡಿಸಿ ಮಗುಚಿದ್ದಾರೆ. ಇದನ್ನೆಲ್ಲ ಅವರು ಹೇಳಿದ್ದಲ್ಲ. ಬೆಳಿಗ್ಗೆ ಹಾಲಿಗೆ ಬಂದವರು ಕಂಡದ್ದು, ಉಳಿದದ್ದು ಅಡಿಕೆಯೇ ಹೇಳಿದ್ದು. ಆ ರಾತ್ರಿಯ ರಾಶಿಯನ್ನು ಉಳಿದದ್ದರ ಪಕ್ಕ ಸುರಿದರೆ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಕಾಣಲಿಲ್ಲ.

ಇದಿಷ್ಟೇ ಆಗಿದ್ದರೆ ಕೈಮುಗಿದು ಸುಮ್ಮನಾಗಬಹುದಿತ್ತು. ಅದೇ ರಾತ್ರಿ ಅವರ ಅಂಗಳದ ಅಡಿಕೆ ತೊಯ್ಯಿತು. ಸೊಂಟ ನೋವಿನ ಭಾವ ಒಬ್ಬರೇ ಎಷ್ಟನ್ನು ಎಳೆದಾರು? ಅದು ನಮಗೆ ತಿಳಿದದ್ದು ತಿಂಗಳಾದ ಮೇಲೆ, ಅವರ ಮೂಟೆ ಮಂಡಿಯಲ್ಲಿ ಕಡಿಮೆ ದರಕ್ಕೆ ಹೋದಾಗ. ಕೇಳಿದರೆ ‘ನಿಮ್ಮಲ್ಲಿ ಯಾರೂ ಇರಲಿಲ್ಲವಲ್ಲ’ ಅಂದರು, ಅಷ್ಟೇ. ಸುಲಿದ ಸಂಜೆಗೆ ಸಂಜೆ, ಮದ್ದು ಹೊಡೆದ ದಿನಕ್ಕೆ ದಿನ ಮುಯ್ಯಿ ತೀರಿಸಲು ಬರುತ್ತದೆ. ತನ್ನ ಅಂಗಳ ಬಿಟ್ಟು ನಮ್ಮ ಅಂಗಳಕ್ಕೆ ಬಂದ ರಾತ್ರಿಗೆ ಯಾವುದನ್ನು ಸಮ ಎಂದು ಇಡುವುದು? ದುಡ್ಡಿನ ಮಾತು ತೆಗೆಯಲು ಹೋಗಿ ಅಪ್ಪಯ್ಯ ಬೈಸಿಕೊಂಡರು. ಅಪ್ಪಯ್ಯ ಹಾಗೆ ಅತ್ತದ್ದನ್ನು ನಾವು ಯಾರೂ ನೋಡಿರಲಿಲ್ಲ.

ದನ ಕರೆದು ಡೈರಿಗೆ ಹಾಲು ಹಾಕಿದವರಿಗೆ, ಆಸ್ಪತ್ರೆಗೆ ಗಂಜಿ, ಚಟ್ನಿ ಕಳಿಸಿದವರಿಗೆ, ಪಹಣಿ ಹಿಡಿದು ಸೊಸೈಟಿಗೆ ಓಡಾಡಿದವರಿಗೆ, ನಡುರಾತ್ರಿ ಜೀಪು ತೆಗೆದವರಿಗೆ, ಮಕ್ಕಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ ಹೊಳೆಯಾಚೆ ಅಕ್ಕನಿಗೆ, ಎಲ್ಲರಿಗೂ ನಮಸ್ಕಾರ.

ಮೇಲಿನಮನೆಯವರು ತೋಟಕ್ಕೆ ಮಣ್ಣು ಹಾಕುವಾಗ ನಮ್ಮ ಮನೆಯಿಂದ ಇಬ್ಬರು ಬರುತ್ತೇವೆ, ದಿನ ಹೇಳಿ ಕಳಿಸಿ. ಕೆಳಮನೆ ತೋಟಕ್ಕೆ ಈ ವರ್ಷ ಎರಡೂ ಸಲದ ಮದ್ದು ನಮ್ಮದು. ತುತ್ತ ತಂದಾಗಿದೆ, ಸುಣ್ಣ ಹಳತಾದರೆ ಸತ್ತುಹೋಗುತ್ತದೆಂದು ಮೇ ತಿಂಗಳಲ್ಲೇ ತರುತ್ತೇವೆ. ಮುಂದಿನ ಕೊಯ್ಲಿಗೆ ಮೊದಲು ಅವರ ಅಟ್ಟದ ತಟ್ಟಿ ಬಿಚ್ಚಿ ಹೊಸದು ಹೆಣೆದು ಕಟ್ಟಿಕೊಡುವುದೆಂದು ಅಪ್ಪಯ್ಯ ಹೇಳಿದ್ದಾರೆ. ಬಿದಿರು ಕಡಿದು ನೀರಿಗೆ ಹಾಕಿದ್ದೇವೆ. ಅತ್ತಿಗೆ ಬೇಡ ಅನ್ನಬಾರದು.

ನಮ್ಮಲ್ಲಿ ನಾಲ್ಕು ಮೆಟ್ಟುಗತ್ತಿ, ನೀಲಿ ಹಗ್ಗದ ಒಂದು ಟಾರ್ಪಾಲು, ಹಿಡಿಗೆ ತಂತಿ ಸುತ್ತಿದ ಒಂದು ಜಾಲರಿ ಸೌಟು ಉಳಿದಿವೆ. ಯಾರದೆಂದು ಹೇಳಿದರೆ ಮನೆಗೇ ತಂದುಕೊಡುತ್ತೇವೆ.