ಪೊನ್ನಪ್ಪನಿಗೆ ಪತ್ರ: ಹಡಗಿನ ವೇಗಕ್ಕೂ ಗಂಟಿಗೂ ಏನು ಸಂಬಂಧ?

ವಿರಾಜಪೇಟೆ

ಪ್ರೀತಿಯ ಪೊನ್ನಪ್ಪ,

ಮಂಗಳೂರಿಗೆ ಹೋದ ಮೇಲೆ ನಿನಗೆ ಸಮುದ್ರದ ಹುಚ್ಚು ಜಾಸ್ತಿಯಾಗಿದೆ ಅಲ್ವಾ? ಹಡಗಿನ ವೇಗವನ್ನು ನಾಟ್ ಅಂತ ಯಾಕೆ ಹೇಳುತ್ತಾರೆ ಅಂತ ಕೇಳಿದ್ದೆಯಲ್ಲ, ಇಲ್ಲಿ ಮಳೆ ಹಿಡಿದು ಕೂತಿದೆ, ಕರೆಂಟು ಹೋಗುವ ಮೊದಲೇ ಉತ್ತರ ಬರೆದುಬಿಡುತ್ತೇನೆ. ನಾಟ್ ಅಂದರೆ ಗಂಟೆಗೆ ಒಂದು ಸಮುದ್ರದ ಮೈಲಿಯ ವೇಗ. ಗಾಳಿ 34 ನಾಟ್ ಮುಟ್ಟಿದರೆ ಚಂಡಮಾರುತ ಅನ್ನುತ್ತಾರಲ್ಲ, ಆ ನಾಟ್ ಹಗ್ಗದ ಗಂಟೇ ಕಣೋ. ಕೈಗೆ ಸಿಗುವಂಥ ಗಂಟು.

ಹಾಯಿ ಹಡಗಿನ ಕಾಲದಲ್ಲಿ ಮೀಟರ್ ಎಲ್ಲಿತ್ತು? ಸುತ್ತ ನೀರು, ಗುರುತಿಗೆ ಒಂದು ಮರವೂ ಇಲ್ಲ. ಅದಕ್ಕೆ ಚಕ್ರದ ಕಾಲು ಭಾಗದ ಆಕಾರದ ಒಂದು ಹಲಗೆ ಮಾಡಿ, ಬಾಗಿದ ಅಂಚಿಗೆ ಸೀಸ ಹೊಡೆದು, ಹಗ್ಗ ಕಟ್ಟಿ ಹಡಗಿನ ಹಿಂದಕ್ಕೆ ಎಸೆಯುತ್ತಿದ್ದರು. ಸೀಸದ ಭಾರಕ್ಕೆ ಹಲಗೆ ನೀರಲ್ಲಿ ನೆಟ್ಟಗೆ ನಿಂತು ಹೆಚ್ಚು ಕಡಿಮೆ ಅಲ್ಲೇ ಉಳಿಯುತ್ತದೆ, ಹಡಗು ಮುಂದೆ ಹೋದಂತೆ ಹಗ್ಗ ಸರಸರ ಬಿಚ್ಚಿಕೊಳ್ಳುತ್ತದೆ. ಒಬ್ಬ ಮರಳು ಗಡಿಯಾರ ತಿರುಗಿಸಿ ಹಿಡಿದಿರುತ್ತಾನೆ. ಇನ್ನೊಬ್ಬನ ಬೆರಳ ಸಂದಿಯಲ್ಲಿ ಗಂಟುಗಳು ಒಂದೊಂದಾಗಿ ಜಾರಿ ಹೋಗುತ್ತವೆ, ಕತ್ತಲಲ್ಲೂ ಎಣಿಸಬಹುದು. ಮರಳು ಮುಗಿದ ಕೂಡಲೇ ಹಗ್ಗ ಹಿಡಿದು ನಿಲ್ಲಿಸಬೇಕು. ಐದು ಗಂಟು ಹೋಗಿದ್ದರೆ ಐದು ನಾಟ್ ವೇಗ, ಅಷ್ಟೇ.

ನನಗೆ ಇಷ್ಟವಾಗಿದ್ದು ಇದರ ಲೆಕ್ಕ. ಆಗಿನ ಸಮುದ್ರದ ಮೈಲಿ ಸುಮಾರು 6080 ಅಡಿ. ಮರಳು ಮುಗಿಯಲು 28 ಸೆಕೆಂಡ್. ಗಂಟೆಗೆ ಒಂದು ಮೈಲಿ ಹೋಗುವ ಹಡಗು ಅಷ್ಟರಲ್ಲಿ 47 ಅಡಿ 3 ಇಂಚು ಸಾಗುತ್ತದೆ. ಸರಿಯಾಗಿ ಅಷ್ಟಷ್ಟು ದೂರಕ್ಕೇ ಗಂಟು ಹಾಕಿದ್ದರು. ಸುಮ್ನೆ ಎಣಿಸಿದರೆ ಸಾಕು, ಗುಣಾಕಾರ ಭಾಗಾಕಾರ ಏನೂ ಬೇಡ. ಶಾಲೆ ಮೆಟ್ಟಿಲು ಹತ್ತದವನೂ ವೇಗ ಹೇಳಬಹುದಿತ್ತು.

ಆ ಹಲಗೆಯ ಹೆಸರು ಲಾಗ್. ವಿಲಿಯಂ ಬೋರ್ನ್ ಎಂಬ ಇಂಗ್ಲಿಷಿನವನು 1574ರಲ್ಲೇ ಇದರ ಬಗ್ಗೆ ಬರೆದಿದ್ದ. ನಮ್ಮ ತೋಟದವರು ಮಳೆಯನ್ನು ಇಂಚು, ಸೆಂಟಲ್ಲಿ ಬರೆದಿಡುವ ಹಾಗೆ ಹಡಗಿನವರು ಗಂಟುಗಳನ್ನು ಬರೆದಿಟ್ಟ ಪುಸ್ತಕವೇ ಲಾಗ್ ಬುಕ್. ಜೀಪಿನ ಲಾಗ್ ಬುಕ್ಕು, ನೀನು ದಿನಾ ಮಾಡುವ ಲಾಗಿನ್, ಎಲ್ಲ ಅದೇ ಮರದ ತುಂಡಿನ ಮೊಮ್ಮಕ್ಕಳು!

ಈಗ ಸಮುದ್ರದ ಮೈಲಿ ಅಂದರೆ 1852 ಮೀಟರ್, 1929ರಲ್ಲಿ ನಿಗದಿಯಾಗಿದ್ದು. ಸುದ್ದಿ ನೋಡುವಾಗ ನಾಟನ್ನು ಎರಡರಿಂದ ಗುಣಿಸಿ ಸ್ವಲ್ಪ ಕಳೆ, ಕಿಲೋಮೀಟರ್ ಸಿಗುತ್ತದೆ. ಆದರೆ ‘ಗಂಟೆಗೆ 40 ನಾಟ್’ ಅಂತ ಮಾತ್ರ ಹೇಳಬೇಡ ಮಾರಾಯ, ಗಂಟೆ ಅದರೊಳಗೇ ಇದೆ.

ಹುತ್ತರಿಗೆ ಬಾ.

ನಿನ್ನ,
ಸೋಮಯ್ಯ