ಅವಳಿ ಪದಗಳ ಕಾಟ

ಪ್ರೀತಿಯ ತಂಗಿ,

ನಿನ್ನ ಅನುವಾದ ತಲುಪಿತು. ಕನ್ನಡ ಸೊಗಸಾಗಿದೆ, ವಾಕ್ಯಗಳು ಎಲ್ಲೂ ತಡವರಿಸುವುದಿಲ್ಲ. ಆದರೆ ಮೂರನೆಯ ಪುಟದಲ್ಲಿ ‘ಸುಗ್ರೀವಾಜ್ಞೆ ಕಾರ್ಖಾನೆ’ ಕಂಡು ನಗು ತಡೆಯಲಾಗಲಿಲ್ಲ. ಮೂಲದಲ್ಲಿದ್ದದ್ದು ಆರ್ಡ್‌ನನ್ಸ್, ನೀನು ಓದಿಕೊಂಡದ್ದು ಆರ್ಡಿನನ್ಸ್. ನಡುವೆ ‘ಐ’ ಅಕ್ಷರ ಇದ್ದರೆ ಅದು ಸಂವಿಧಾನದ 123ನೇ ವಿಧಿಯಡಿ ರಾಷ್ಟ್ರಪತಿ, 213ನೇ ವಿಧಿಯಡಿ ರಾಜ್ಯಪಾಲರು ಸದನ ನಡೆಯದಿರುವಾಗ ಹೊರಡಿಸುವ ಆಜ್ಞೆ. ಇಲ್ಲದಿದ್ದರೆ ತೋಪು, ಮದ್ದುಗುಂಡು. ಹುಟ್ಟಿನಲ್ಲಿ ಎರಡೂ ಒಂದೇ ಪದ. ‘ಏರ್ಪಾಡು’ ಎಂಬರ್ಥದ ಹಳೆಯ ಫ್ರೆಂಚ್ ಪದವೊಂದು ಇಂಗ್ಲಿಷಿಗೆ ಬಂದು ಕವಲೊಡೆಯಿತು. ಸೇನೆಯ ಪಾಲಿಗೆ ಹೋದದ್ದು ಬಾಯಲ್ಲಿ ಸವೆದು ಒಂದಕ್ಷರ ಕಳೆದುಕೊಂಡಿತು. ಹಾಗಾಗಿ ನಿನ್ನನ್ನು ಪೂರ್ತಿ ದೂರುವಂತಿಲ್ಲ.

ಇಂಥ ತಪ್ಪನ್ನು ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಹಿಡಿದುಕೊಡುತ್ತದೆಂದು ನಂಬಬೇಡ. ಎರಡೂ ನಿಘಂಟಿನಲ್ಲಿರುವ ಪದಗಳೇ. ಅದು ಕೆಂಪು ಗೆರೆ ಏಕೆ ಎಳೆದೀತು? ನೀನು ಇಂಗ್ಲಿಷಿನಲ್ಲೂ ಬರೆಯುವವಳು, ಅನುಮಾನ ಬಂದಾಗ ಆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡು. ಸಾಲದ ಅಸಲು, ಕಾಲೇಜಿನ ಪ್ರಾಂಶುಪಾಲರು, ಮುಖ್ಯ ಕಾರಣ ಎಂದು ಬಂದರೆ ಪ್ರಿನ್ಸಿಪಲ್ ‘ಪಿ-ಎ-ಎಲ್’ನಿಂದ ಮುಗಿಯುತ್ತದೆ. ತತ್ವ, ನಿಯಮ ಎಂದು ಬಂದರೆ ಮಾತ್ರ ‘ಪಿ-ಎಲ್-ಇ’.

ಸ್ಟೇಷನರಿಯ ಕಥೆ ನನಗೆ ಬಲು ಇಷ್ಟ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊರೂರು ಅಲೆಯದೆ ಒಂದೆಡೆ ಅಂಗಡಿ ಹಾಕಿಕೊಂಡಿದ್ದ ಪುಸ್ತಕ ವ್ಯಾಪಾರಿಯನ್ನು ಸ್ಟೇಷನರ್ ಎನ್ನುತ್ತಿದ್ದರು. ಅವನು ಮಾರುವ ಕಾಗದ, ಲೇಖನಿಗಳಿಗೆ ಅವನ ಹೆಸರಿನ ‘ಇ-ಆರ್’ ಅಂಟಿಕೊಂಡಿತು. ನಿಂತಲ್ಲೇ ನಿಂತದ್ದು ಎಂಬ ವಿಶೇಷಣಕ್ಕೆ ‘ಎ-ಆರ್’. ನಮ್ಮ ಅಂಗಡಿಗಳ ಇಂಗ್ಲಿಷ್ ಫಲಕಗಳಲ್ಲಿ ಎಷ್ಟೋ ಕಡೆ ಕಾಗದವೇ ನಿಂತುಬಿಟ್ಟಿರುತ್ತದೆ! ಕನ್ನಡ ಲಿಪಿಯಲ್ಲಿ ಬರೆಸಿದವರು ಬಚಾವ್.

ಕೆಲವು ತೊಡಕು ನಮ್ಮ ಕಿವಿಯದು. ಕಳೆದುಕೊಳ್ಳುವ ಲೂಸ್‌ಗೆ ಒಂದು ‘ಓ’, ಸಡಿಲವಾದ ಲೂಸ್‌ಗೆ ಎರಡು. ಮೊದಲನೆಯದರ ಕೊನೆಯಲ್ಲಿರುವ ‘ಝಡ್’ ದನಿ ಕನ್ನಡದ್ದಲ್ಲವಾದ್ದರಿಂದ ಎರಡನ್ನೂ ಒಂದೇ ಎಂಬಂತೆ ನುಡಿಯುತ್ತೇವೆ, ಹಾಗೆಯೇ ಬರೆಯುತ್ತೇವೆ. ಅಡ್ವೈಸ್ ಕೂಡ ಹೀಗೆಯೇ: ಸಲಹೆಗೆ ‘ಸಿ’, ಸಲಹೆ ಕೊಡುವುದಕ್ಕೆ ‘ಎಸ್’.

ಆದರೆ ಕನ್ನಡಕ್ಕೆ ತಿರುಗಿಸುವ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಹಿಸ್ಟಾರಿಕ್, ಹಿಸ್ಟಾರಿಕಲ್ ಎರಡಕ್ಕೂ ನಾವು ‘ಐತಿಹಾಸಿಕ’ ಎಂದುಬಿಡುತ್ತೇವೆ. 1983ರಲ್ಲಿ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದದ್ದು ಹಿಸ್ಟಾರಿಕ್, ಇತಿಹಾಸದಲ್ಲಿ ಉಳಿಯುವಂಥದ್ದು. ಹಳೆಯ ಕಾಲದ ಕಥೆ ಹೇಳುವ ಕಾದಂಬರಿ ಹಿಸ್ಟಾರಿಕಲ್. ಅದು ಎಷ್ಟೇ ಸಪ್ಪೆಯಾಗಿದ್ದರೂ ಸರಿ. ಅಫೆಕ್ಟ್, ಎಫೆಕ್ಟ್‌ಗಳಲ್ಲೂ ಹುಷಾರು. ಮೊದಲನೆಯದು ಸಾಮಾನ್ಯವಾಗಿ ಕ್ರಿಯಾಪದ, ಎರಡನೆಯದು ನಾಮಪದ ಎಂದು ಶಾಲೆಯಲ್ಲಿ ಕಲಿತಿದ್ದೀಯೆ. ಬದಲಾವಣೆಯನ್ನು ‘ಜಾರಿಗೆ ತರು’ ಎನ್ನುವಾಗ ಎಫೆಕ್ಟ್ ಕೂಡ ಕ್ರಿಯಾಪದವಾಗುತ್ತದೆ. ಕಾನೂನಿನ ಬರಹಗಳಲ್ಲಿ ಇದು ಆಗಾಗ ಸಿಗುತ್ತದೆ.

ಹಸ್ತಪ್ರತಿಯಲ್ಲಿ ಇನ್ನೂ ಕೆಲವು ಕಡೆ ಪೆನ್ಸಿಲ್ ಗೆರೆ ಹಾಕಿದ್ದೇನೆ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದು. ಏಳನೆಯ ಪುಟದ ‘ಸೆನ್ಸಾರ್ ನಿರ್ಣಯ’ವನ್ನು ಮೊದಲು ನೋಡು. ಮೂಲದಲ್ಲಿದ್ದದ್ದು ಸೆನ್ಷರ್, ಅಂದರೆ ಖಂಡನಾ ನಿರ್ಣಯ. ಸಿನಿಮಾಕ್ಕೆ ಕತ್ತರಿ ಹಾಕುವ ಮಂಡಳಿ ಆ ಸದನದೊಳಗೆ ಬಂದಿರಲಿಲ್ಲ.

ಇಂತಿ,
ನಿನ್ನ ಅಕ್ಕ