ಗಡ್ಡೆಯ ಅಳತೆಯ ಜೊತೆಗೆ ಒಳಗಿವಿಯ ಸ್ಥಿತಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ನನ್ನ ತಮ್ಮನಿಗೆ ಎರಡು ವರ್ಷಗಳ ಹಿಂದೆ ಬಲಗಿವಿಯ ತೊಂದರೆ ಶುರುವಾಯಿತು. ಮೊಬೈಲನ್ನು ಆ ಕಿವಿಗೆ ಹಿಡಿದರೆ ದನಿ ಕೇಳುತ್ತಿತ್ತು, ಆದರೆ ಆಚೆಯವರು ಹೇಳಿದ ದರ ಆರು ಸಾವಿರವೋ ಏಳು ಸಾವಿರವೋ ಎಂಬುದು ತಿಳಿಯುತ್ತಿರಲಿಲ್ಲ. ಗುಗ್ಗೆ ಕಟ್ಟಿರಬೇಕೆಂದು ಆರು ತಿಂಗಳು ಹನಿ ಹಾಕಿಸಿಕೊಂಡ. ಕೊನೆಗೆ ನಮ್ಮ ಭಾಗದಲ್ಲೇ ಒಂದು ಕಡೆ ಮಾಡಿಸಿದ ಎಂಆರ್‌ಐ ವರದಿಯಲ್ಲಿ, ಬಲಗಡೆ 14 ಮಿ.ಮೀ. ಗಡ್ಡೆಯಿದೆ, ಅಕೌಸ್ಟಿಕ್ ನ್ಯೂರೋಮಾ ಇರಬಹುದು ಎಂದು ಎರಡೇ ಸಾಲು ಬರೆದಿತ್ತು. ಆ ಫಿಲ್ಮ್ ಹಿಡಿದು ಹೈದರಾಬಾದಿಗೆ ಹೋದಾಗ, ಅಲ್ಲಿನ ವೈದ್ಯರು ಇಷ್ಟು ದಪ್ಪ ಸ್ಲೈಸ್‌ಗಳಲ್ಲಿ, ಅಂದರೆ ಚಿತ್ರದ ಪದರಗಳಲ್ಲಿ, ಒಳಗಿವಿಯ ಸ್ಥಿತಿ ಗೊತ್ತಾಗುವುದಿಲ್ಲ ಎಂದು ಹೇಳಿ ಮತ್ತೊಮ್ಮೆ ಎಂಆರ್‌ಐ ಮಾಡಿಸಿದರು. ಖರ್ಚಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅವನು ಕೇಳಿದ ಪ್ರಶ್ನೆ: ‘ಅಣ್ಣಾ, ಚಿಕಿತ್ಸೆ ಆದ ಮೇಲೆ ಈ ಕಿವಿ ಉಳಿತದೇನು?’

ಈ ಗಡ್ಡೆ ಕ್ಯಾನ್ಸರ್ ಅಲ್ಲ. ಒಳಗಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ನರದಲ್ಲಿ, ಅದರಲ್ಲೂ ದೇಹದ ಸಮತೋಲನ ಕಾಯುವ ಎಳೆಯ ಹೊದಿಕೆಯಲ್ಲಿ ನಿಧಾನವಾಗಿ ಬೆಳೆಯುತ್ತದೆ. ಪಕ್ಕದಲ್ಲೇ ಶ್ರವಣದ ಎಳೆ ಇರುವುದರಿಂದ ಮೊದಲು ಕೆಡುವುದು ಸಾಮಾನ್ಯವಾಗಿ ಕೇಳುವ ಶಕ್ತಿ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ ಗಾಮಾ ನೈಫ್ ವಿಧಾನದಲ್ಲಿ ತಲೆಬುರುಡೆ ತೆರೆಯದೆ ಗಡ್ಡೆಯ ಮೇಲಷ್ಟೇ ವಿಕಿರಣ ಕೇಂದ್ರೀಕರಿಸುತ್ತಾರೆ. ಗಡ್ಡೆಯ ಅಂಚಿಗೆ 12–13 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣ ಕೊಡುವ ಇಂದಿನ ಪದ್ಧತಿಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗಡ್ಡೆಗಳ ಬೆಳವಣಿಗೆ ನಿಲ್ಲುತ್ತದೆ. ಆದರೆ ಶ್ರವಣದ ಮಾತು ಬೇರೆ. ಚಿಕಿತ್ಸೆಗೆ ಮೊದಲು ಉಪಯುಕ್ತ ಶ್ರವಣ, ಅಂದರೆ ಮಾತು ತಿಳಿಯುವಷ್ಟು ಕೇಳುವ ಶಕ್ತಿ, ಇದ್ದವರ ಪೈಕಿ ಐದು ವರ್ಷಗಳ ನಂತರ ಅದನ್ನು ಉಳಿಸಿಕೊಳ್ಳುವವರು ಸುಮಾರು ಅರ್ಧದಿಂದ ಮುಕ್ಕಾಲು ಭಾಗ. ಹತ್ತು ವರ್ಷಗಳ ಹೊತ್ತಿಗೆ ಅದು ಕಾಲು ಭಾಗದಿಂದ ಅರ್ಧಕ್ಕೆ ಇಳಿಯುತ್ತದೆ.

ಯಾರ ಕಿವಿ ಉಳಿದೀತು ಎಂಬುದಕ್ಕೆ ಒಂದಿಷ್ಟು ಸುಳಿವು ಎಂಆರ್‌ಐನಲ್ಲೇ ಸಿಗುತ್ತದೆ. ಎರಡನೆಯ ಸಲ ತೆಗೆದ ಚಿತ್ರವನ್ನು ಹೈದರಾಬಾದಿನ ವೈದ್ಯರು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ದ್ರವವನ್ನು ಬೆಳ್ಳಗೆ ತೋರಿಸುವ ಟಿ2 ಚಿತ್ರದಲ್ಲಿ ಎಡಗಡೆಯ ಕಾಕ್ಲಿಯಾ, ಅಂದರೆ ಶಂಖದಂತೆ ಸುತ್ತಿಕೊಂಡ ಕೇಳುವ ಅಂಗ, ಹೊಳೆಯುತ್ತಿತ್ತು. ಬಲಗಡೆಯದು ಮಸಿ ಹಿಡಿದ ಲಾಟೀನಿನ ಗಾಜಿನಂತೆ ಮಂಕಾಗಿತ್ತು. ಗಡ್ಡೆಯಿಂದಾಗಿ ಅಲ್ಲಿನ ದ್ರವದಲ್ಲಿ ಪ್ರೋಟೀನ್ ಹೆಚ್ಚಿದಾಗ ಹೀಗಾಗುತ್ತದೆ, ಹೀಗೆ ಮಂಕಾದ ಕಡೆ ಶ್ರವಣ ಉಳಿಯುವ ಸಾಧ್ಯತೆ ಕಡಿಮೆ ಎನ್ನುತ್ತಾರೆ. ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಅದೇ ಜಾಗ ಬೆಳ್ಳಗೆ ಕಾಣುತ್ತದೆ. ನರ ಹಾದುಹೋಗುವ ಎಲುಬಿನ ಕಾಲುವೆಯ ತುದಿಯಲ್ಲಿ, ಗಡ್ಡೆಗೂ ಕಾಕ್ಲಿಯಾಕ್ಕೂ ನಡುವೆ, ಸ್ವಲ್ಪ ದ್ರವ ಉಳಿದಿದೆಯೇ ಅಥವಾ ಗಡ್ಡೆ ಕೊನೆಯವರೆಗೂ ತುಂಬಿಕೊಂಡಿದೆಯೇ ಎಂಬುದೂ ಮುಖ್ಯ. ಆ ದ್ರವ ಉಳಿದಿದ್ದರೆ ಕಾಕ್ಲಿಯಾಕ್ಕೆ ಬೀಳುವ ವಿಕಿರಣವನ್ನು ಸರಾಸರಿ 4 ಗ್ರೇಗಿಂತ ಕೆಳಗಿಡುವುದು ಸುಲಭ. ಒಂದು ಮಿ.ಮೀ.ಗಿಂತ ತೆಳುವಾದ ಸ್ಲೈಸ್ ಇಲ್ಲದೆ ಇಷ್ಟನ್ನೆಲ್ಲ ಸರಿಯಾಗಿ ನೋಡಲಾಗದು. ಮಾಮೂಲಿ ಮೆದುಳಿನ ಎಂಆರ್‌ಐನ ಐದು ಮಿ.ಮೀ. ಸ್ಲೈಸ್‌ನಲ್ಲಿ ಕಾಕ್ಲಿಯಾ ಎಂಬ ಅಂಗವೇ ಹೆಚ್ಚುಕಡಿಮೆ ಕಳೆದುಹೋಗುತ್ತದೆ.

ಈ ಚಿಹ್ನೆಗಳನ್ನು ಭವಿಷ್ಯವಾಣಿ ಎಂದು ಯಾರೂ ತಿಳಿಯಬಾರದು. ಅಧ್ಯಯನಗಳಲ್ಲಿ ಒಮ್ಮತವಿಲ್ಲ, ಚಿಕಿತ್ಸೆಗೆ ಮೊದಲಿನ ಶ್ರವಣ ಎಷ್ಟು ಚೆನ್ನಾಗಿತ್ತು ಎಂಬುದೇ ಇಂದಿಗೂ ಹೆಚ್ಚು ನಂಬಬಹುದಾದ ಸೂಚನೆ. ಆದ್ದರಿಂದಲೇ ಎಂಆರ್‌ಐ ಜೊತೆಗೆ ಅದೇ ವಾರದಲ್ಲಿ ಎಷ್ಟು ಸಣ್ಣ ದನಿ ಕೇಳುತ್ತದೆ ಎಂದು ಅಳೆಯುವ ಆಡಿಯೋಮೆಟ್ರಿಯೂ, ಮಾತು ಎಷ್ಟು ಅರ್ಥವಾಗುತ್ತದೆ ಎಂಬ ಪರೀಕ್ಷೆಯೂ ಆಗಬೇಕು. ಆ ಎರಡನೆಯ ಪರೀಕ್ಷೆಯನ್ನು ನನ್ನ ತಮ್ಮನಿಗೆ ಇಲ್ಲಿ ಯಾರೂ ಮಾಡಿರಲಿಲ್ಲ. ಅವನ ತೊಂದರೆ ಇದ್ದದ್ದೇ ಅದರಲ್ಲಿ.

ಗಾಮಾ ನೈಫ್ ಯಂತ್ರವನ್ನು ಕಲಬುರಗಿಗೇ ತನ್ನಿ ಎಂದು ನಾನು ಕೇಳುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಿದೆ, ಅಪರೂಪದ ಈ ಗಡ್ಡೆಗೆ ಅಷ್ಟು ದೂರ ಹೋಗುವುದನ್ನು ಒಪ್ಪಬಹುದು. ಆದರೆ ಹೋಗುವ ಮುನ್ನ ಇಲ್ಲೇ ಆಗಬಹುದಾದ ಕೆಲಸ ಇಲ್ಲೇ ಆಗಲಿ. ಒಂದೇ ಕಿವಿ ಮಂದವಾದವರಿಗೆ ಎಂಆರ್‌ಐ ಬರೆದುಕೊಡುವ ಕಿವಿ-ಮೂಗು-ಗಂಟಲು ವೈದ್ಯರು ಚೀಟಿಯಲ್ಲಿ ಒಳಗಿವಿಯ ತೆಳು ಸ್ಲೈಸ್ ಬೇಕೆಂದು ನಮೂದಿಸಲಿ. ರೇಡಿಯಾಲಜಿಸ್ಟರು ಗಡ್ಡೆಯ ಅಳತೆಯ ಜೊತೆಗೆ ಕಾಕ್ಲಿಯಾದ ಹೊಳಪು, ಕಾಲುವೆಯ ತುದಿಯ ದ್ರವ, ಇವೆರಡರ ಬಗ್ಗೆ ತಲಾ ಒಂದು ಸಾಲು ಬರೆಯಲಿ. ಫಿಲ್ಮ್ ಜೊತೆ ಸಿಡಿಯನ್ನೂ ತಪ್ಪದೆ ಕೊಡಲಿ. ಯಂತ್ರ ಕೊಳ್ಳಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆ ಅರ್ಜಿ ಹಾಕಬೇಕಾದ ಕೆಲಸ ಇದಲ್ಲ. ಈಗಿರುವ ಯಂತ್ರದಲ್ಲಿ ಕೆಲವು ನಿಮಿಷ ಹೆಚ್ಚು ತೆಗೆದುಕೊಂಡರೆ ಆಗುತ್ತದೆ. ಬೀದರ್, ಯಾದಗಿರಿ, ಕಲಬುರಗಿಯ ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರು ಈ ಬಗ್ಗೆ ಒಂದು ಪುಟದ ಸೂಚನೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಕಲಬುರಗಿ